ಇಂದುಮತಿಯ ಮನೆಯವರು

“ನಾನೇ ನೂಕಿದೆ,” ಎಂದಳು ಇಂದುಮತಿ.

ನಾನು ಬಾಯಲ್ಲಿದ್ದ ಚುರುಮುರಿಯನ್ನು ಅಗಿಯುವುದನ್ನೇ ಮರೆತೆ. ಟೀವಿಯಲ್ಲಿ ಇನ್ಸ್‌ಪೆಕ್ಟರ್‌ನ ಮುಖ ಕಾಣುತ್ತಿತ್ತು. ಅವನೂ ನನ್ನ ಹಾಗೆಯೇ ಬಾಯಿ ತೆರೆದುಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಬೇಡಿ ಹಾಕಿಸಿಕೊಂಡ ಡ್ರೈವರ್ ಯಮನಪ್ಪ ಮೆಲ್ಲಗೆ ತಲೆ ಎತ್ತಿದ. ಇಂದುಮತಿ ಮುಂದುವರಿಸಿದಳು: “ಅವತ್ತು ನನಗೆ ತಲೆನೋವು ಇರಲಿಲ್ಲ. ನಾನು ಮಲಗಿರಲೂ ಇಲ್ಲ. ಹಿಂಬಾಗಿಲಲ್ಲಿ ಯಮನಪ್ಪ ಚಪ್ಪಲಿ ಬಿಟ್ಟಿದ್ದ. ಕಾಲ್ಗೆಜ್ಜೆ ಬಿಚ್ಚಿಟ್ಟು ಆ ಚಪ್ಪಲಿಯನ್ನೇ ಮೆಟ್ಟಿಕೊಂಡು ಮಹಡಿ ಹತ್ತಿದೆ. ಸಾಹೇಬರು ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. ನೂಕಿದೆ.” ಅವಳ ಎರಡೂ ಕೈಗಳು ಮುಂದಕ್ಕೆ ಚಾಚಿಕೊಂಡವು. ನನಗೇ ಬೇಡಿ ಹಾಕಿ ಎನ್ನುವ ಹಾಗೆ. ಆ ವಾರದ ಕಂತು ಅಲ್ಲಿಗೆ ಮುಗಿಯಿತು.

ಓಣಿಯಲ್ಲಿ ಯಾರದೋ ಮನೆಯಲ್ಲಿ ತಾಟು ಕೆಳಗೆ ಬಿತ್ತು. ಯಾರೋ “ಅಯ್ಯ ಶಿವನ!” ಎಂದು ಕೂಗಿದರು. ಒಂದರ ಹಿಂದೆ ಒಂದು ಬಾಗಿಲು ತೆರೆದುಕೊಂಡವು. ಎಲ್ಲರೂ ನಮ್ಮ ಮನೆಯತ್ತಲೇ ನೋಡುತ್ತಿರುತ್ತಾರೆ ಎಂದು ಎದ್ದು ನೋಡದೆಯೇ ನನಗೆ ಗೊತ್ತಾಯಿತು. ಯಾಕೆಂದರೆ ನಮ್ಮದು ಇಂದುಮತಿಯ ಮನೆ.

ನಮ್ಮ ಊರಲ್ಲಿ ಪ್ರತಿ ಗುರುವಾರ ದೀಪ ಹಚ್ಚುವ ಹೊತ್ತಿಗೆ ‘ಒಂಬತ್ತನೇ ಬಂಗಲೆ’ ಧಾರಾವಾಹಿ ಬರುತ್ತದೆ. ಎಲ್ಲರ ಮನೆಯಲ್ಲೂ ಬರುತ್ತದೆ, ಆದರೆ ಒಂದೊಂದು ಮನೆಗೆ ಒಬ್ಬೊಬ್ಬರ ಕಣ್ಣಿನಿಂದ. ನಮ್ಮ ಟೀವಿಯಲ್ಲಿ ಬಂಗಲೆಯ ಯಜಮಾನಿ ಇಂದುಮತಿ ಕಂಡದ್ದಷ್ಟೇ ಕಾಣುತ್ತದೆ, ಅವಳಿಗೆ ಕೇಳಿಸಿದ್ದಷ್ಟೇ ಕೇಳಿಸುತ್ತದೆ. ಅವಳು ಕಣ್ಣು ಮುಚ್ಚಿದರೆ ನಮಗೂ ಕತ್ತಲೆ. ಎದುರು ಮನೆಯವರಿಗೆ ಡ್ರೈವರ್ ಯಮನಪ್ಪ. ಕಿರಾಣಿ ಅಂಗಡಿಯ ಗುರುಪಾದಪ್ಪನವರಿಗೆ ಇನ್ಸ್‌ಪೆಕ್ಟರ್. ಟೀವಿ ಬದಲಿಸಿದರೂ ಅಷ್ಟೆ, ಆಂಟೆನಾ ತಿರುಗಿಸಿದರೂ ಅಷ್ಟೆ. ಹೆಣ್ಣು ನೋಡಲು ಬಂದವರು “ನಿಮ್ಮ ಮನ್ಯಾಗ ಯಾರು ಬರ್ತಾರ?” ಎಂದು ಮೊದಲು ಕೇಳಿ ಆಮೇಲೆ ಹುಡುಗಿಯ ಹೆಸರು ಕೇಳುತ್ತಾರೆ. ಪೋಸ್ಟ್‌ಮನ್ ಬರುವ ಮನೆಯವರು ವಾರವಾರವೂ ಸೈಕಲ್ಲಿನ ಹ್ಯಾಂಡಲ್ಲು ನೋಡಿ ಬೇಸತ್ತು ಅರ್ಧಕ್ಕೇ ಎದ್ದು ಊಟಕ್ಕೆ ಕೂರುತ್ತಾರೆ. ಹುದ್ದಾರ ಮಾಸ್ತರರ ಮನೆಗೆ ಬಂಗಲೆಯ ನಾಯಿ ಬಂದಿದೆ. ಅವರಿಗೆ ಮೊಳಕಾಲಿನ ಮೇಲೆ ಯಾರ ಪರಿಚಯವೂ ಇಲ್ಲ. ಕಾಲು ನೋಡಿಯೇ ಮನುಷ್ಯರನ್ನು ಗುರುತಿಸುತ್ತಾರೆ.

ಕಂತು ಮುಗಿದ ಮೇಲೆ ಎಲ್ಲರೂ ನೀರಿನ ಟಾಕಿಯ ಬುಡದಲ್ಲಿ ಸೇರುತ್ತೇವೆ. ಅವರವರು ಕಂಡದ್ದನ್ನು ಅವರವರು ಹೇಳಬೇಕು. ಎಲ್ಲವನ್ನೂ ಕೂಡಿಸಿದರೆ ಕತೆ. ಹೀಗಾಗಿ ನಮ್ಮ ಊರು ಕಳ್ಳತನ ಮಾಡಿದವನನ್ನಾದರೂ ಕ್ಷಮಿಸೀತು, ಟಾಕಿಯ ಬುಡದಲ್ಲಿ ಸುಳ್ಳು ಹೇಳಿದವನನ್ನು ಕ್ಷಮಿಸುವುದಿಲ್ಲ. ಅವನನ್ನು ಮದುವೆಯ ಮಾತುಕತೆಗೆ ಕರೆಯುವುದಿಲ್ಲ, ಹೊಲದ ಬದು ನಿಕ್ಕಿ ಮಾಡುವಾಗ ಕರೆಯುವುದಿಲ್ಲ. ಅವನು ಏನು ಹೇಳಿದರೂ ಜನ ಹೂಂ ಎಂದು ಎದ್ದುಹೋಗುತ್ತಾರೆ.

ನಾನು ಆ ಧಾರಾವಾಹಿಯ ಹುಚ್ಚಿ. ಎದುರು ಮನೆಯ ಚಂಪಕ್ಕನೂ ಅಷ್ಟೆ. ನಾವಿಬ್ಬರೂ ಕೂಡಿ ನಮ್ಮ ಮನೆಯ ಪಡಸಾಲೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದೆವು. ಎದುರುಬದುರು ಕೂತು ರೊಟ್ಟಿ ಬಡಿಯುತ್ತ ಗುರುವಾರದಿಂದ ಗುರುವಾರದವರೆಗೆ ಅದೇ ಮಾತು. ಅಡುಗೆಯವಳು ಹಾಲಿಗೆ ಏನು ಬೆರೆಸಿದಳು, ಮುಚ್ಚಿದ ಖೋಲಿಯಲ್ಲಿ ಯಾರಿದ್ದಾರೆ, ವಕೀಲ ಯಾಕೆ ಎಡಗೈಯಲ್ಲಿ ಚಾ ಕುಡಿದ. ನಾನೊಂದು ಹೇಳಿದರೆ ಅವಳೊಂದು ಹೇಳಿ, ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು.

ಆಮೇಲೆ, ಸುಗ್ಗಿಯ ದಿನಗಳಲ್ಲಿ, ಬಂಗಲೆಯ ಒಡೆಯ, ಇಂದುಮತಿಯ ಗಂಡ ರಾವಸಾಹೇಬ ಮಹಡಿಯಿಂದ ಬಿದ್ದು ಸತ್ತ ಕಂತು ಬಂತು. ಹಿಂದಿನಿಂದ ಯಾರೋ ನೂಕಿದ್ದರು. ರಾವಸಾಹೇಬ ಬರುತ್ತಿದ್ದ ಮನೆ ಪ್ರೇಮಾಬಾಯಿಯದು. ಅವಳಿಗೆ ಮೊದಲು ಪಾರಿವಾಳಗಳು ಕಂಡವು, ಆಮೇಲೆ ಅಂಗಳದ ಕಲ್ಲು, ಆಮೇಲೆ ಏನೂ ಇಲ್ಲ. ಅಂದಿನಿಂದ ಅವಳು ಗುರುವಾರ ಸಂಜೆ ಬಗಲಲ್ಲಿ ಚಾಪೆ ಇಟ್ಟುಕೊಂಡು ಕಂಡವರ ಮನೆಗೆ ಹೋಗುತ್ತಾಳೆ.

ಆ ಕಂತು ಬಂದ ಸಂಜೆ ನಾನೂ ಚಂಪಕ್ಕನೂ ಮನೆಯಲ್ಲಿರಲಿಲ್ಲ. ಪಕ್ಕದ ಊರಿನ ಮದುವೆಗೆ ರೊಟ್ಟಿ ಕೊಟ್ಟುಬರಲು ಬುಟ್ಟಿ ಹೊತ್ತು ಹೋಗಿದ್ದೆವು. ನನ್ನ ಗಂಡ ಬಸ್ ಕಂಡಕ್ಟರ್, ಗುರುವಾರ ಅವರಿಗೆ ಸಂಜೆಯ ಪಾಳಿ. ನಮ್ಮ ಮನೆಯಲ್ಲಿ ನೋಡಿದವರು ನಮ್ಮತ್ತೆ ಸಂಗವ್ವ ಒಬ್ಬರೇ. ಎದುರು ಮನೆಯಲ್ಲಿ ನೋಡಿದವನು ಚಂಪಕ್ಕನ ಗಂಡ ಸಿದ್ರಾಮಣ್ಣ ಒಬ್ಬನೇ. ನಾವು ತಿರುಗಿ ಬರುವಷ್ಟರಲ್ಲಿ ಟಾಕಿಯ ಬುಡದಲ್ಲಿ ಊರೆಲ್ಲ ನಿಂತಿತ್ತು.

ಹುದ್ದಾರ ಮಾಸ್ತರರು ಹಿಂದಿನ ಮೆಟ್ಟಿಲ ಸಂದಿಯಲ್ಲಿ ರಬ್ಬರ್ ಚಪ್ಪಲಿಯಷ್ಟೇ ಹತ್ತಿಹೋದದ್ದನ್ನು ಕಂಡಿದ್ದರು. ಆ ಬಂಗಲೆಯಲ್ಲಿ ರಬ್ಬರ್ ಚಪ್ಪಲಿ ಮೆಟ್ಟುತ್ತಿದ್ದವನು ಡ್ರೈವರ್ ಒಬ್ಬನೇ. ಸಿದ್ರಾಮಣ್ಣ, “ಚಪ್ಲಿ ಹಿಂಬಾಗಿಲಾಗ ಬಿಟ್ಟಿದ್ದ. ಆಂವ ಕಾರಿನ ಬುಡಕ ಮಲಗಿ ನಟ್ಟ ತಿರುವಾಕತ್ತಿದ್ದ. ಬರೇ ಎಣ್ಣಿ, ಬರೇ ಕಬ್ಬಣ ಕಾಣತಿತ್ತು,” ಅಂದ. ನಮ್ಮತ್ತೆ, “ಇಂದುಮತಿಗಿ ತಲಿನೋವು. ಮಲಗಿದ್ಲು. ನಮ್ಮ ಟೀವಿ ಪೂರಾ ಕತ್ತಲಿತ್ತು,” ಅಂದರು. ಬಂಗಲೆಯ ಉಳಿದವರೆಲ್ಲ ಎಲ್ಲೆಲ್ಲಿದ್ದರು ಎಂಬುದಕ್ಕೆ ಇಬ್ಬರು ಮೂವರ ಕಣ್ಣು ಸಾಕ್ಷಿಯಿತ್ತು. ಯಮನಪ್ಪ, ಇಂದುಮತಿ ಇಬ್ಬರಿಗೆ ಮಾತ್ರ ಅವರವರ ಮನೆಯದೇ ಸಾಕ್ಷಿ.

ಗುರುಪಾದಪ್ಪನವರು ತಾವೇ ಇನ್ಸ್‌ಪೆಕ್ಟರ್ ಎಂಬಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೇಳಿದರು: “ನೀಲವ್ವಾ, ನಿನಗೇನ ಅನಸ್ತೈತಿ?” ನನ್ನ ತರ್ಕಕ್ಕೆ ಆ ಬುಡದಲ್ಲಿ ಬೆಲೆಯಿತ್ತು. ನಾನು ಅತ್ತೆಯ ಮುಖ ನೋಡಿದೆ. “ನಮ್ಮತ್ತಿ ಸುಳ್ಳ ಹೇಳೂದಿಲ್ರಿ,” ಅಂದೆ.

ನಾನು ಅಂದದ್ದು ಅಷ್ಟೇ. ಎಲ್ಲರ ಮುಖವೂ ಸಿದ್ರಾಮಣ್ಣನ ಕಡೆಗೆ ತಿರುಗಿತು.

ಮರುದಿನ ಬೆಳಿಗ್ಗೆ ಚಂಪಕ್ಕ ಬಂದಳು. ತನ್ನ ಹಂಚು, ಹಿಟ್ಟು ನಾದುವ ತನ್ನ ಕೊಣಮಿಗೆ ಎತ್ತಿಕೊಂಡಳು. “ನಿಮ್ಮತ್ತಿ ಸುಳ್ಳ ಹೇಳೂದಿಲ್ಲ, ನನ್ನ ಗಂಡ ಹೇಳ್ತಾನ. ಹಂಗ ಹೌದಿಲ್ಲೋ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಓಣಿ ದಾಟಿದಳು. ಸಿದ್ರಾಮಣ್ಣ ಗೌಂಡಿ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಅವನು ಹೇಳಿದರೆ ಮುಗಿಯಿತು ಎನ್ನುತ್ತಿದ್ದ ಜನ, ಅಣ್ಣತಮ್ಮಂದಿರ ಪಾಲಿನ ಜಗಳಕ್ಕೂ ಅವನನ್ನೇ ಕರೆದೊಯ್ಯುತ್ತಿದ್ದ ಜನ, ಆಮೇಲೆ ಅವನನ್ನು ಕೆಲಸಕ್ಕೆ ಮಾತ್ರ ಕರೆದರು. ಮಾತಿಗೆ ಕರೆಯಲಿಲ್ಲ. ಸುಗ್ಗಿ ಮುಗಿದು ಮಳೆ ಬಂದರೂ ಅವನು ಟಾಕಿಯ ಕಡೆ ಸುಳಿಯಲಿಲ್ಲ. ಗುರುವಾರ ಒಳಗೆ ಚಂಪಕ್ಕ ಒಬ್ಬಳೇ ಟೀವಿ ನೋಡುತ್ತಿದ್ದಳು, ಅವನು ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದ.

ಈಗ, ಇಂದುಮತಿ ಬಾಯಿಬಿಟ್ಟ ಈ ಸಂಜೆ, ನಾನು ಅತ್ತೆಯ ಕಡೆ ತಿರುಗಿದೆ. ಅವರು ಗೋಡೆಗೆ ಒರಗಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಬೆರಳು ನಿಂತಿರಲಿಲ್ಲ.

“ಅತ್ತಿ, ಕೇಳಿದ್ರೇನ್ರಿ?”

“ಕೇಳಿದೆ.”

“ಅವತ್ತ ಟೀವಿ ಕತ್ತಲಿತ್ತು ಅಂದಿದ್ರಿ.”

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದರು. “ಕತ್ತಲಿರಲಿಲ್ಲ.”

ನಿಜ ಹೇಳಬೇಕೆಂದರೆ ಮೊದಲು ನನಗೆ ಚಂಪಕ್ಕನ ನೆನಪೂ ಬರಲಿಲ್ಲ, ಸಿದ್ರಾಮಣ್ಣನ ನೆನಪೂ ಬರಲಿಲ್ಲ. ಇಡೀ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗಳಿಗೆ ನಮ್ಮ ಮನೆಯ ಟೀವಿಯಲ್ಲೇ ಬಂದುಹೋಗಿತ್ತು. ನಾನು ರೊಟ್ಟಿ ಬುಟ್ಟಿ ಹೊತ್ತು ಬಸ್ಸಿನಲ್ಲಿದ್ದೆ. ವಕೀಲನ ಎಡಗೈ, ಅಡುಗೆಯವಳ ಹಾಲು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ನನಗೆ, ಕೊಂದವಳ ಕಣ್ಣಿನೊಳಗೇ ಕೂತಿದ್ದೇನೆ ಎಂಬುದು ಹೊಳೆದಿರಲಿಲ್ಲ.

“ನೂಕಿದ್ದ ನೋಡಿದ್ರಿ?”

“ಈ ಕಣ್ಣಿಲೆ ನೋಡ್ದೆ. ಬಿಳಿ ಅಂಗಿ, ಅಗಲ ಬೆನ್ನು. ಅಕಿ ಕೈ ಮುಂದ ಹೋದ್ವು. ನಾ ನನ್ನ ಕೈ ನೋಡ್ಕೊಂಡೆ, ನೀಲಾ. ನನ್ನವ ಹೋದ್ವೇನೋ ಅನಸ್ತು.”

“ಮತ್ಯಾಕ ಸುಳ್ಳ ಹೇಳಿದ್ರಿ?”

“ಅಕೀಗಿ ಆ ಸಾಹೇಬ ಏನೇನ ಮಾಡಿದ್ದ ಊರಾಗ ಯಾರಿಗ ಗೊತ್ತೈತಿ? ನಾವಿಬ್ರ ನೋಡೇವಿ. ಕುದಿಯೂ ಚಾ ಅಕಿ ಕೈ ಮ್ಯಾಲ ಸುರುವಿದಾಗ ನೀನೂ ಇದ್ದೆಲ್ಲ. ಟಾಕಿ ಬುಡಕ ಹೋಗಿ ಹೇಳಿದ್ರ ಪ್ರೇಮಾಬಾಯಿ ಏನಂದ್ಲು? ಸಾಹೇಬ್ರ ಕೈಯಾಗಿನ ಕಪ್ಪು ಜಾರಿತು, ನಾ ನೋಡೀನಿ ಅಂದ್ಲು. ಎಲ್ಲಾರೂ ಅದನ್ನ ನಂಬಿದ್ರು. ಇನ್ನ ನೂಕಿದ್ದೊಂದು ಹೇಳಿಬಿಟ್ಟಿದ್ರ ಅಕಿ ಬರೇ ಗಂಡನ್ನ ಕೊಂದಾಕಿ ಆಗ್ತಿದ್ಲು.”

“ಹೇಳಿದ್ರ ಏನಾಗತಿತ್ತು ಅತ್ತಿ? ಟೀವಿ ಒಳಗಿನ ಇನ್ಸ್‌ಪೆಕ್ಟರ್‌ಗ ನಮ್ಮ ಮಾತ ಕೇಳಸ್ತೈತೇನ್ರಿ?”

“ಕೇಳಸ್ತೈತೋ ಇಲ್ಲೋ ಯಾರಿಗ ಗೊತ್ತವಾ. ಕೇಳಿಸಿದ್ರ?”

ನನಗೆ ನಗು ಬರಬೇಕಿತ್ತು, ಬರಲಿಲ್ಲ. “ಆಂವಗ ಕೇಳಿಸಲಿ ಬಿಡಲಿ, ಸಿದ್ರಾಮಣ್ಣ ಟೀವಿ ಒಳಗಿನಾಂವ ಅಲ್ಲಲ್ರಿ,” ಅಂದೆ.

ಅತ್ತೆ ಮೊರವನ್ನು ಮತ್ತೆ ಎಳೆದುಕೊಂಡು ಕೆಳಗಿಟ್ಟರು. ಓಣಿಯಲ್ಲಿ ಜನ ಟಾಕಿಯ ಕಡೆಗೆ ಹೋಗುತ್ತಿದ್ದರು. ನಮ್ಮ ಬಾಗಿಲ ಮುಂದೆ ಬಂದಾಗ ಅವರ ಮಾತು ನಿಲ್ಲುತ್ತಿತ್ತು, ದಾಟಿದ ಮೇಲೆ ಶುರುವಾಗುತ್ತಿತ್ತು.

“ಒಂದ ವಾರ ಹೋಗಲಿ, ಹೇಳಿಬಿಡೂಣು ಅಂದೆ. ಆಮ್ಯಾಲ ಇನ್ನೊಂದ ವಾರ ಅಂದೆ. ದಿನಾ ಮುಂಜಾನೆ ಕಸಾ ಹೊಡಿಯಾಕ ಹೊರಗ ಬಂದ್ರ ಆಂವ ಕಟ್ಟಿ ಮ್ಯಾಲ ಇರ್ತಿದ್ದ. ಮಾರಿ ತಪ್ಪಿಸಿ ಕಸಾ ಹೊಡದೆ.” ಅವರು ಗೋಡೆ ಹಿಡಿದು ಎದ್ದರು. “ಅಕಿ ನೋಡು. ಅಕೀಗಿ ಫಾಶೀನ ಆದೀತು. ಆದ್ರೂ ಡ್ರೈವರನ ಮಾರಿ ಕಂಡ ಕೂಡ್ಲೆ ಸುಮ್ಮನ ಇರಾಕ ಆಗಲಿಲ್ಲ. ನನಗೇನ ಆಗತಿತ್ತು? ನಾಕ ಮಂದಿ ಮಾತಾಡಸ್ತಿರಲಿಲ್ಲ, ಅಷ್ಟ. ನಡಿ, ಹೋಗೂಣು.”

“ಎಲ್ಲಿಗ್ರಿ?”

“ಎಲ್ಲಿಗಂದ್ರ? ಕಂತು ಮುಗದ ಮ್ಯಾಲ ಎಲ್ಲಾರೂ ಎಲ್ಲಿಗಿ ಹೋಗ್ತಾರ?”

ಟಾಕಿಯ ಬುಡದಲ್ಲಿ ಜನ ನಮಗೆ ದಾರಿ ಬಿಟ್ಟರು. ಅಷ್ಟು ಬೇಗ ದಾರಿ ಬಿಟ್ಟದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಗುರುಪಾದಪ್ಪನವರು ಕೇಳುವುದಕ್ಕೆ ಮೊದಲೇ ಅತ್ತೆ ಹೇಳಿದರು: “ಅವತ್ತ ನಮ್ಮ ಟೀವಿ ಕತ್ತಲಿರಲಿಲ್ಲ. ನಾ ಎಲ್ಲಾ ನೋಡೀನಿ. ಸುಳ್ಳ ಹೇಳಿದೆ. ನನ್ನ ಸೊಸೀಗಿ ಇದು ಗೊತ್ತಿರಲಿಲ್ಲ. ಸಿದ್ರಾಮ ಹೇಳಿದ್ದು ಖರೇ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹುದ್ದಾರ ಮಾಸ್ತರರು ಮಾತ್ರ, “ಚಪ್ಲಿ ನಾ ಸರಿಯಾಗೇ ನೋಡಿದ್ದೆ. ಕಾಲು ಯಾರದು ಅಂತ ನಾ ಹೇಳಿರಲಿಲ್ಲ,” ಎಂದು ಪಕ್ಕದವರಿಗೆ ಎರಡು ಸಲ ಹೇಳಿದರು. ಗುರುಪಾದಪ್ಪನವರ ಕೈ ಸೊಂಟದಿಂದ ಕೆಳಗಿಳಿದಿತ್ತು. “ಸಂಗವ್ವಾರ, ನಿಮ್ಮಂಥವರು...” ಎಂದವರು ಮಾತು ಮುಗಿಸದೆ, “ಇನ್ನ ಮ್ಯಾಲ ಇಂದುಮತಿ ಮನಿ ಮಾತು ಇಲ್ಲಿ ಹಿಡಿಯೂದಿಲ್ಲ,” ಅಂದರು. ಅತ್ತೆ ತಲೆಯಾಡಿಸಿದರು.

ಆಗ ಹಿಂದಿನಿಂದ ಒಂದು ದನಿ ಬಂತು. “ಕಪ್ಪು ಜಾರಿರಲಿಲ್ಲ.”

ಪ್ರೇಮಾಬಾಯಿ. ಬಗಲಲ್ಲಿ ಚಾಪೆ ಹಾಗೇ ಇತ್ತು. “ಆ ಚಾದ್ದು. ಸಾಹೇಬ್ರು ಅಕಿ ಕೈ ನೋಡಿ, ಕಪ್ಪು ನೋಡಿ, ಮತ್ತ ಕೈ ನೋಡಿ ಸುರುವಿದ್ರು. ನಮ್ಮ ಮನಿ ಮನಶ್ಯಾಗ ಕೆಟ್ಟ ಹೆಸರ ಬರಬಾರದು ಅಂತ ನಾನೂ ಜಾರಿತು ಅಂದಿದ್ದೆ.”

ಇಂದುಮತಿಯ ಮಾತಿಗೂ ಇಷ್ಟು ಬೆಚ್ಚಿರದ ಊರು ಆಗ ಬೆಚ್ಚಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೋಸ್ಟ್‌ಮನ್ ಮನೆಯವನು ನೆಲ ನೋಡತೊಡಗಿದ. ವಕೀಲನ ಮನೆಯ ಗಂಡಹೆಂಡತಿ ಏನೋ ಪಿಸುಗುಟ್ಟಿ ಸುಮ್ಮನಾದರು. ಎರಡು ವರ್ಷದಿಂದ ನಾವು ಕೂಡಿಸುತ್ತ ಬಂದ ಕತೆಯಲ್ಲಿ ಇನ್ನೂ ಎಲ್ಲೆಲ್ಲಿ ಯಾರ್ಯಾರು ಏನೇನು ಒರೆಸಿದ್ದಾರೋ! ಗುರುಪಾದಪ್ಪನವರು ಕೆಮ್ಮಿ, “ಇವತ್ತಿಗಿ ಸಾಕು,” ಅಂದರು. ಜೀವನದಲ್ಲಿ ಮೊದಲ ಸಲ ಟಾಕಿಯ ಬುಡದಿಂದ ಜನ ಮಾತಿಲ್ಲದೆ ಮನೆಗೆ ಹೋದರು.

ಚಂಪಕ್ಕ ಗುಂಪಿನಂಚಿನಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಅವಳ ಹಿಂದೆಯೇ ನಾವೂ ನಡೆದೆವು. ಸಿದ್ರಾಮಣ್ಣ ಕಟ್ಟೆಯ ಮೇಲಿದ್ದ. ಅತ್ತೆ ಅವನೆದುರು ನಿಂತರು. ವಯಸ್ಸಿನಲ್ಲಿ ಅವನು ಅವರ ಮಗನಂತೆ. ಆದರೂ ಕೈ ಮುಗಿದರು. “ತಪ್ಪಾತಪ್ಪಾ. ಸುಳ್ಳ ಹೇಳಿದಾಕಿ ನಾನು.”

ಅವನು ಬೀಡಿ ಆರಿಸಿದ. “ನನಗ ಗೊತ್ತಿತ್ರಿ ಆಯಿ.”

ನಾನು, ಅತ್ತೆ, ಬಾಗಿಲಲ್ಲಿ ನಿಂತಿದ್ದ ಚಂಪಕ್ಕ, ಮೂವರೂ ಅವನನ್ನು ನೋಡಿದೆವು.

“ಇಬ್ಬರಾಗ ಒಬ್ರು ಸುಳ್ಳ ಹೇಳ್ಯಾರಂದ ಮ್ಯಾಲ, ನಾ ಅಲ್ಲಂತ ನನಗ ಗೊತ್ತಿತ್ತಲ್ಲ. ಮತ್ತ ನೀವ.”

“ಹಂಗಾರ ಯಾಕ ಬಾಯಿ ಬಿಡಲಿಲ್ಲಪಾ? ನನ್ನ ಹೆಸರ ಹೇಳಬೇಕಿಲ್ಲ?”

“ನಿಮ್ಮ ಟೀವಿ ನಾ ನೋಡಿಲ್ಲಲ್ರಿ. ನೋಡಲಾರದ್ದ ಹ್ಯಾಂಗ ಹೇಳ್ಲಿ?” ಅವನು ಎದ್ದು ನಿಂತ. “ನಿಮಗೇನೋ ಕಾರಣ ಇರಬೇಕು ಅನ್ಕೊಂಡೆ. ಆದ್ರ ಸಿಟ್ಟ ಬಂದಿತ್ರಿ ಆಯಿ. ಇನ್ನೂ ಐತಿ.” ಇಷ್ಟು ಹೇಳಿ ಒಳಗೆ ಹೋದ. ಚಂಪಕ್ಕ ಬಾಗಿಲು ಮುಚ್ಚಿದಳು. ಗಟ್ಟಿಯಾಗಿ ಹಾಕಲಿಲ್ಲ.

ಆ ವಾರ ನಾನು ಒಬ್ಬಳೇ ರೊಟ್ಟಿ ಬಡಿದೆ. ಕೊಳ್ಳಲು ಬಂದವರು ರೊಟ್ಟಿ ಕೊಂಡು, ಇಂದುಮತಿಯ ಬಗ್ಗೆ ಒಂದು ಮಾತೂ ಆಡದೆ ಹೋದರು. ಸೋಮವಾರ ಇಬ್ಬರು ಅಣ್ಣತಮ್ಮಂದಿರು ಹಿತ್ತಲ ಗೋಡೆಯ ತಕರಾರಿಗೆ ಸಿದ್ರಾಮಣ್ಣನನ್ನು ಕರೆಯಲು ಬಂದರು. ಅವನು ಹೋಗಲಿಲ್ಲ. ಬುಧವಾರ ಮತ್ತೆ ಬಂದರು. ಆಗ ರುಮಾಲು ಸುತ್ತಿಕೊಂಡು ಹೋದ. ಅತ್ತೆ ಕಿಟಕಿಯಿಂದ ನೋಡಿದರು, ಅಂದು ಮಧ್ಯಾಹ್ನ ಊಟ ಸರಿಯಾಗಿ ಮಾಡಿದರು.

ಗುರುವಾರ ಬಂತು. ನಮ್ಮ ಟೀವಿಯಲ್ಲಿ ಜೈಲಿನ ಗೋಡೆ ಕಂಡಿತು. ಸುಣ್ಣ ಉದುರಿದ ಗೋಡೆ, ಮೇಲೊಂದು ಕಿಂಡಿ. ಇಂದುಮತಿ ಅದನ್ನೇ ನೋಡುತ್ತ ಕೂತಿದ್ದಳು, ಹೀಗಾಗಿ ನಾವೂ ನೋಡುತ್ತ ಕೂತೆವು. ಆಮೇಲೆ ಯಾರೋ ಅವಳ ಹೆಸರು ಕೂಗಿದರು. ಅವಳು ಎದ್ದು ನಡೆದಳು. ಕಬ್ಬಿಣದ ಜಾಲರಿಯ ಆಚೆ ಡ್ರೈವರ್ ಯಮನಪ್ಪ ನಿಂತಿದ್ದ. ಕೈಯಲ್ಲೊಂದು ಬಟ್ಟೆಯ ಗಂಟು.

“ಪೇರಲಹಣ್ಣು ತಂದೀನಮ್ಮಾ,” ಅಂದ.

ಅಷ್ಟರಲ್ಲಿ ನಮ್ಮ ಬಾಗಿಲು ದಡಕ್ಕನೆ ತೆರೆಯಿತು. ಚಂಪಕ್ಕ! ಏದುಸಿರು ಬಿಡುತ್ತಿದ್ದಳು. ಸುಗ್ಗಿಯಾದ ಮೇಲೆ ಅವಳು ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು.

“ಆಯೀ, ಲಗೂನ ಬರ್ರಿ! ಅಕಿ ನಮ್ಮ ಮನ್ಯಾಗ ಕಾಣಾಕತ್ತಾಳ. ಪೂರಾ ಮಾರಿ ಕಾಣಾಕತ್ತೈತಿ. ಅವರ ಕರಕೊಂಡ ಬಾ ಅಂದ್ರು.”

ಯಾರು ಅಂದರು ಎಂದು ನಾವು ಕೇಳಲಿಲ್ಲ. ಎರಡು ವರ್ಷ ಇಂದುಮತಿಯ ಕಣ್ಣಿನಿಂದ ನೋಡಿದ ನಮಗೆ ಅವಳ ಮುಖ ಗೊತ್ತಿರಲಿಲ್ಲ. ಅವಳು ಕನ್ನಡಿಯ ಮುಂದೆ ನಿಂತವಳೇ ಅಲ್ಲ. ಅಗಲ ಹಣೆ, ನೋಡಲು ಚೆಂದ, ದೊಡ್ಡ ಮನೆತನದ ಗತ್ತು ಎಂದು ಜನ ಹೇಳಿದ್ದನ್ನು ಕೂಡಿಸಿಕೊಂಡು ನಮ್ಮ ನಮ್ಮ ಮನಸ್ಸಿನಲ್ಲಿ ಒಂದು ಮುಖ ಮಾಡಿಕೊಂಡಿದ್ದೆವು. ಗುರುವಾರ ನಮ್ಮ ಟೀವಿ ಬಿಟ್ಟು ಬೇರೆಯವರದನ್ನು ನೋಡಲು ಹೋಗುವ ಮಾತೇ ಇರಲಿಲ್ಲ. ಅತ್ತೆ ಚಪ್ಪಲಿ ಮೆಟ್ಟದೆ ಬರಿಗಾಲಲ್ಲಿ ಓಣಿ ದಾಟಿದರು. ನಮ್ಮ ಟೀವಿ ಹಿಂದೆ ಖಾಲಿ ಮನೆಯಲ್ಲಿ ಯಮನಪ್ಪನನ್ನು ತೋರಿಸುತ್ತ ಉಳಿಯಿತು.

ಸಿದ್ರಾಮಣ್ಣ ಟೀವಿಯ ಮುಂದೆ ಕೂತಿದ್ದ. ನಮ್ಮನ್ನು ನೋಡಿ ಚಾಪೆಯಲ್ಲಿ ಒಂದಿಷ್ಟು ಸರಿದು ಜಾಗ ಬಿಟ್ಟ.

ನಾನು ಪರದೆ ನೋಡಿದೆ. ಜಾಲರಿಯ ಆಚೆ ಪೇರಲಹಣ್ಣು ಕಚ್ಚುತ್ತ ನಿಂತಿದ್ದವಳು ಹುಡುಗಿ. ಇಪ್ಪತ್ತು ದಾಟಿದ್ದಳೋ ಇಲ್ಲವೋ. ಕೆನ್ನೆಯಲ್ಲಿ ಇನ್ನೂ ಎಳೆತನವಿತ್ತು. ರಾವಸಾಹೇಬನ ಹೆಂಡತಿ, ಬಂಗಲೆಯ ಯಜಮಾನಿ ಎಂದು ಹೇಳಿದ ಒಬ್ಬರೂ ಅವಳ ವಯಸ್ಸು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

“ಇಷ್ಟ ಸಣ್ಣಾಕೇನ ಈಕಿ?” ಅತ್ತೆಯ ದನಿ ಒಡೆಯಿತು. “ಸಿದ್ರಾಮಾ, ಇಷ್ಟ ಸಣ್ಣಾಕೇನ?”

“ಹೂಂನ್ರಿ ಆಯಿ. ಮೊದಲಿಂದ ಇಷ್ಟ ಸಣ್ಣಾಕಿ.”

“ಫಾಶಿ ಹಾಕ್ತಾರೇನಪಾ?”

ಚಂಪಕ್ಕ ನನ್ನ ಪಕ್ಕದಲ್ಲಿ ಕೂತಳು. ನನ್ನ ತಲೆಯಲ್ಲಿ ಎಷ್ಟೋ ತರ್ಕ ಎದ್ದವು, ವಕೀಲ ಏನು ಮಾಡಿಯಾನು, ಕೋರ್ಟು ಏನೆಂದೀತು. ಒಂದನ್ನೂ ಬಾಯಿಗೆ ತರಲಾಗಲಿಲ್ಲ.

ಇಂದುಮತಿ ಹಣ್ಣು ತಿಂದು ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ತಲೆ ಎತ್ತಿದಳು. ಡ್ರೈವರನನ್ನು ನೋಡಿದಳು. ಅವನ ಕಣ್ಣಿನಿಂದ ನೋಡುತ್ತಿದ್ದ ನಮ್ಮನ್ನೇ ನೇರವಾಗಿ ನೋಡಿದ ಹಾಗಾಯಿತು. ಅತ್ತೆ ಅವಸರದಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬೀಗರು ಮೊದಲ ಸಲ ಮನೆಗೆ ಬಂದಾಗ ಕೂರುವ ಹಾಗೆ ನೆಟ್ಟಗೆ ಕೂತು, ಮೆಲ್ಲಗೆ ಕೇಳಿದರು:

“ಊಟ ಛಲೋ ಹಾಕ್ತಾರೇನವಾ ಅಲ್ಲಿ?”